ಸಂಗೀತ ಪದವಿಯ ಹೊಸ್ತಿಲು: ಆಡಿಷನ್ ಅಳೆಯಬೇಕಾದುದು ಏನನ್ನು?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮರುದಿನದಿಂದ ರಾಜ್ಯದ ಮನೆಮನೆಗಳಲ್ಲಿ ನಡೆಯುವ ಚರ್ಚೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಿಇಟಿಯಲ್ಲಿ ರ‍್ಯಾಂಕ್ ಎಷ್ಟು, ಯಾವ ಕಾಲೇಜು ಸಿಗಬಹುದು, ಎರಡನೇ ಸುತ್ತಿಗೆ ಕಾಯುವುದು ಜಾಣತನವೇ? 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಜಾರಿಗೆ ಬಂದ ನಂತರ ವೃತ್ತಿಶಿಕ್ಷಣದ ಸೀಟು ಹಂಚಿಕೆಗೆ ಒಂದು ಕ್ರಮ ಬಂದಿದೆ. ಆ ಕ್ರಮದಲ್ಲಿ ಲೋಪಗಳಿಲ್ಲವೆಂದಲ್ಲ. ಆದರೆ ತನ್ನನ್ನು ಯಾವ ಅಳತೆಗೋಲಿನಿಂದ ಅಳೆಯಲಾಗುತ್ತದೆ ಎಂಬುದಾದರೂ ಅಭ್ಯರ್ಥಿಗೆ ಮುಂಚಿತವಾಗಿ ತಿಳಿದಿರುತ್ತದೆ.

ಅದೇ ಬೀದಿಯ ಇನ್ನೊಂದು ಮನೆಯಲ್ಲಿ ‘ನಾನು ಸಂಗೀತವನ್ನೇ ಓದುತ್ತೇನೆ’ ಎಂದು ಹಟ ಹಿಡಿದ ಮಗಳೊಬ್ಬಳು ಇದ್ದಾಳೆಂದು ಭಾವಿಸೋಣ. ಆಕೆಯ ತಂದೆ ತಾಯಿಗೆ ಯಾರನ್ನು ಕೇಳಬೇಕೆಂಬುದೇ ತಿಳಿಯದು. ಎಲ್ಲಿ ಅರ್ಜಿ ಹಾಕಬೇಕು? ಏನನ್ನು ಹಾಡಬೇಕು? ಎಷ್ಟು ಹೊತ್ತು? ಆಲಿಸುವವರು ಯಾರು? ಅಂಕ ಕೊಡುವುದು ಹೇಗೆ? ಈ ಪ್ರಶ್ನೆಗಳಿಗೆ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಉತ್ತರ. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದು ಕೋಣೆಯಲ್ಲಿ, ಇಬ್ಬರು ಮೂವರು ಅಧ್ಯಾಪಕರ ಮುಂದೆ, ಹತ್ತು ಹದಿನೈದು ನಿಮಿಷಗಳ ಆಡಿಷನ್‌ನಲ್ಲಿ.

ಆ ಕೆಲವು ನಿಮಿಷಗಳಲ್ಲಿ ನಾವು ಅಳೆಯುತ್ತಿರುವುದು ವಿದ್ಯಾರ್ಥಿ ಈಗಾಗಲೇ ಕಲಿತುಬಂದುದನ್ನೋ ಅಥವಾ ಆಕೆ ಇನ್ನು ಕಲಿಯಬಲ್ಲುದನ್ನೋ? ಸಂಗೀತ ಪದವಿಯ ಪ್ರವೇಶದ ಕುರಿತ ಚರ್ಚೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗಬೇಕಾಗಿದೆ.

ಮೂರು ಬಾಗಿಲುಗಳು

ಕರ್ನಾಟಕದ ವಿದ್ಯಾರ್ಥಿಗೆ ಇಂದು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಮೊದಲನೆಯದು ರಾಜ್ಯದ ವಿಶ್ವವಿದ್ಯಾಲಯಗಳದ್ದು. ಮೈಸೂರಿನಲ್ಲಿ 1965ರಲ್ಲಿ ಮಹಿಳೆಯರಿಗಾಗಿ ಲಲಿತಕಲಾ ಕಾಲೇಜು ಆರಂಭವಾಯಿತು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಮಲ್ಲಿಕಾರ್ಜುನ ಮನಸೂರರಂತಹ ದಿಗ್ಗಜರ ಮಾರ್ಗದರ್ಶನ ದೊರೆಯಿತು. ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆಂದೇ ಮೀಸಲಾದ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ 2009ರ ಕಾಯ್ದೆಯನ್ವಯ ಮೈಸೂರಿನಲ್ಲಿ ನೆಲೆಗೊಂಡಿತು. ಇವಲ್ಲದೆ ಹಲವು ಪದವಿ ಕಾಲೇಜುಗಳಲ್ಲಿ ಸಂಗೀತವನ್ನು ಬಿ.ಎ. ಪದವಿಯ ಒಂದು ವಿಷಯವಾಗಿ ಓದಬಹುದು.

ಎರಡನೆಯದು ಕೇಂದ್ರೀಯ ವಿಶ್ವವಿದ್ಯಾಲಯಗಳ ಬಾಗಿಲು. 2022ರಿಂದ ಇಲ್ಲಿನ ಪದವಿ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ ನಡೆಯುತ್ತಿದೆ. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು ಎಂಬುದು ಸಮಾಧಾನದ ಸಂಗತಿ. ದೆಹಲಿ ವಿಶ್ವವಿದ್ಯಾಲಯದಂತಹ ಕಡೆ ಸಂಗೀತ ಆನರ್ಸ್ ಪದವಿಗೆ ಈ ಅಂಕಗಳ ಜೊತೆಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕಾಗುತ್ತದೆ.

ಮೂರನೆಯದು ಗುರುಕುಲ ಮಾದರಿಯ ಸಂಸ್ಥೆಗಳದ್ದು. ಕೋಲ್ಕತ್ತದಲ್ಲಿ 1977ರಲ್ಲಿ ಸ್ಥಾಪನೆಯಾದ ಐಟಿಸಿ ಸಂಗೀತ ಸಂಶೋಧನ ಅಕಾಡೆಮಿ ಆಡಿಷನ್ ಮೂಲಕ ಶಿಷ್ಯರನ್ನು ಆರಿಸಿ, ವಿದ್ಯಾರ್ಥಿವೇತನ ನೀಡಿ, ಗುರುಗಳ ಬಳಿಯಲ್ಲೇ ಇರಿಸಿ ಕಲಿಸುವ ಪದ್ಧತಿಯನ್ನು ರೂಪಿಸಿತು. ಹುಬ್ಬಳ್ಳಿಯಲ್ಲಿ 2011ರಲ್ಲಿ ಗಂಗೂಬಾಯಿಯವರ ಹೆಸರಿನಲ್ಲಿಯೇ ವಸತಿ ಗುರುಕುಲ ಆರಂಭವಾಯಿತು. ಇವುಗಳಿಗೆಲ್ಲ ಮುನ್ನವೇ ಗದುಗಿನ ವೀರೇಶ್ವರ ಪುಣ್ಯಾಶ್ರಮವಿತ್ತು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಆ ಪರಂಪರೆಯಲ್ಲಿ ಕಣ್ಣಿಲ್ಲದ, ಕಾಸಿಲ್ಲದ ಮಕ್ಕಳು ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲದೆ ಒಳಬಂದು ಗವಾಯಿಗಳಾಗಿ ಹೊರಬಂದರು.

ಕೋಣೆಯೊಳಗೆ ನಡೆಯುವುದೇನು?

ಆಡಿಷನ್ ಎಂದರೆ ಏನೆಂದು ತಿಳಿಯದ ಪೋಷಕರಿಗಾಗಿ ಎರಡು ಮಾತು. ಅಭ್ಯರ್ಥಿ ತನ್ನ ಶ್ರುತಿಯನ್ನು ತಾನೇ ಹೇಳಬೇಕು. ಕರ್ನಾಟಕ ಸಂಗೀತವಾದರೆ ಸಾಮಾನ್ಯವಾಗಿ ಒಂದು ವರ್ಣ ಮತ್ತು ಒಂದೆರಡು ಕೃತಿಗಳನ್ನು ಸಿದ್ಧಪಡಿಸಿಕೊಂಡಿರಬೇಕು. ವರ್ಣವನ್ನು ಎರಡು ಕಾಲಗಳಲ್ಲಿ ಹಾಡಲು ಹೇಳುವುದುಂಟು. ಹಿಂದೂಸ್ತಾನಿಯಾದರೆ ಯಮನ್, ಭೂಪ್, ಭೈರವದಂತಹ ರಾಗಗಳಲ್ಲಿ ಒಂದು ಖ್ಯಾಲ್ ಹಾಗೂ ಅದಕ್ಕೆ ಒಂದಿಷ್ಟು ಆಲಾಪ, ತಾನ್. ವಾದ್ಯದವರು ತಮ್ಮ ವಾದ್ಯವನ್ನು ತಾವೇ ತರಬೇಕು. ಮೃದಂಗ, ತಬಲಾ ವಾದಕರಿಗೆ ಪಾಠಾಕ್ಷರಗಳನ್ನು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳುವ ಪರೀಕ್ಷೆಯೂ ಇರುತ್ತದೆ.

ಇದಿಷ್ಟು ಸಿದ್ಧಪಡಿಸಿ ತಂದ ಭಾಗ. ಎರಡನೆಯ ಭಾಗ ಸಿದ್ಧಪಡಿಸಲಾಗದ್ದು. ಪರೀಕ್ಷಕರು ಒಂದು ಸ್ವರಗುಚ್ಛವನ್ನು ಹಾಡುತ್ತಾರೆ. ಅಭ್ಯರ್ಥಿ ಅದನ್ನು ಹಾಗೆಯೇ ಮರಳಿ ಹಾಡಬೇಕು. ಅದು ಯಾವ ರಾಗದ ಛಾಯೆ ಎಂದು ಕೇಳಬಹುದು. ಹಾಡುತ್ತಿರುವಾಗಲೇ ಲಯವನ್ನು ಬದಲಿಸಿ ನೋಡಬಹುದು. ನುರಿತ ಅಧ್ಯಾಪಕನಿಗೆ ಈ ಎರಡನೆಯ ಭಾಗದಲ್ಲಿ ತಿಳಿಯುವಷ್ಟು ಮೊದಲನೆಯದರಲ್ಲಿ ತಿಳಿಯುವುದಿಲ್ಲ. ಕಿವಿ ಎಷ್ಟು ಸೂಕ್ಷ್ಮ, ನೆನಪು ಎಷ್ಟು ಗಟ್ಟಿ, ತಿದ್ದಿದರೆ ತಿದ್ದಿಕೊಳ್ಳುವ ಗುಣ ಇದೆಯೇ ಎಂಬುದು ಗೊತ್ತಾಗುವುದು ಇಲ್ಲಿಯೇ.

ದುರದೃಷ್ಟವೆಂದರೆ, ಅರ್ಜಿಗಳು ಹೆಚ್ಚಿ ಸಮಯ ಕಡಿಮೆಯಾದಾಗ ಮೊದಲು ಕತ್ತರಿಗೆ ಸಿಗುವುದು ಈ ಎರಡನೆಯ ಭಾಗವೇ. 2020ರಲ್ಲಿ ಕೋವಿಡ್ ಕಾರಣದಿಂದ ದೇಶ ವಿದೇಶಗಳ ಸಂಸ್ಥೆಗಳು ಆನ್‌ಲೈನ್ ಆಡಿಷನ್‌ಗೆ ಹೊರಳಿದಾಗ ಈ ಕೊರತೆ ಇನ್ನಷ್ಟು ಎದ್ದು ಕಂಡಿತು. ಅಂತರ್ಜಾಲದಲ್ಲಿ ಧ್ವನಿ ತುಸು ತಡವಾಗಿ ತಲುಪುವುದರಿಂದ ಪರೀಕ್ಷಕರ ತಾಳಕ್ಕೆ ಅಭ್ಯರ್ಥಿ ಹಾಡುವುದು ಅಸಾಧ್ಯ. ವಿಡಿಯೊ ಕಳುಹಿಸುವುದಾದರೆ ಹತ್ತು ಬಾರಿ ಹಾಡಿ ಚೆನ್ನಾಗಿ ಬಂದುದನ್ನು ಮಾತ್ರ ಕಳುಹಿಸಬಹುದು. ಅಲ್ಲಿ ಉಳಿಯುವುದು ಸಿದ್ಧಪಡಿಸಿದ ಸಂಗೀತ ಮಾತ್ರ.

ಇಬ್ಬರು ಅಭ್ಯರ್ಥಿಗಳು

ಇಬ್ಬರು ಅಭ್ಯರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬಾಕೆ ಬೆಂಗಳೂರಿನ ಜಯನಗರದವಳು. ಆರನೆಯ ವಯಸ್ಸಿನಿಂದ ಪಾಠ, ಮನೆಯಲ್ಲಿ ತಂಬೂರಿ, ರಾಮನವಮಿಯ ಕಛೇರಿಗಳನ್ನು ತಪ್ಪದೆ ಕೇಳಿದ ಕಿವಿ. ಜೂನಿಯರ್, ಸೀನಿಯರ್ ಪರೀಕ್ಷೆಗಳು ಮುಗಿದು ವಿದ್ವತ್ ಪರೀಕ್ಷೆಗೆ ತಯಾರಿ ನಡೆದಿದೆ. ಇನ್ನೊಬ್ಬ ಗದಗ ಜಿಲ್ಲೆಯ ಹಳ್ಳಿಯೊಂದರ ಹುಡುಗ. ಊರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿದು ಹಾಡುತ್ತಾನೆ. ಒಮ್ಮೆ ಕೇಳಿದ ತತ್ವಪದವನ್ನು ಮರುದಿನ ತಪ್ಪಿಲ್ಲದೆ ಹಾಡಬಲ್ಲ. ಆದರೆ ತಾನು ಹಾಡುತ್ತಿರುವುದಕ್ಕೆ ಸ್ವರ ಹಾಕಿ ಹೇಳು ಎಂದರೆ ತಬ್ಬಿಬ್ಬಾಗುತ್ತಾನೆ. ಅವನು ಓದಿದ ಸರ್ಕಾರಿ ಶಾಲೆಯಲ್ಲಿ ಸಂಗೀತ ಶಿಕ್ಷಕರ ಹುದ್ದೆಯೇ ಇರಲಿಲ್ಲ.

ಸಿದ್ಧಪಡಿಸಿದ ವರ್ಣ, ಕೃತಿಗಳನ್ನಷ್ಟೇ ಕೇಳುವ ಆಡಿಷನ್‌ನಲ್ಲಿ ಇವರಿಬ್ಬರಲ್ಲಿ ಯಾರು ಗೆಲ್ಲುತ್ತಾರೆಂದು ಕೋಣೆಯ ಬಾಗಿಲು ತೆರೆಯುವ ಮೊದಲೇ ಹೇಳಬಹುದು. ಇದರಲ್ಲಿ ಜಯನಗರದ ಹುಡುಗಿಯ ತಪ್ಪೇನೂ ಇಲ್ಲ. ಆಕೆಯ ಹತ್ತು ವರ್ಷದ ಶ್ರಮ ಶ್ರಮವೇ. ಆದರೆ ಆ ಹತ್ತು ವರ್ಷಗಳ ಪಾಠವನ್ನು ಸಾಧ್ಯವಾಗಿಸಿದ ಅನುಕೂಲಗಳಿಗೂ ನಾವು ಅಂಕ ಕೊಡುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಹಾಗಾದಾಗ ವಿಶ್ವವಿದ್ಯಾಲಯ ಕಲಿಸುವ ಸಂಸ್ಥೆಯಾಗದೆ, ಹೊರಗೆ ಕಲಿತವರಿಗೆ ಪದವಿಯ ಮುದ್ರೆ ಒತ್ತುವ ಕಚೇರಿಯಾಗುವ ಅಪಾಯವಿದೆ.

ಈ ಮುದ್ರೆಯ ಬೆಲೆ ಕಡಿಮೆಯೇನಲ್ಲ. ಕಛೇರಿಯ ವೇದಿಕೆಯಲ್ಲಿ ಯಾರೂ ಪದವಿ ಪ್ರಮಾಣಪತ್ರ ಕೇಳುವುದಿಲ್ಲ, ನಿಜ. ಆದರೆ ಕಛೇರಿಯಿಂದಲೇ ಬದುಕು ಸಾಗಿಸುವ ಕಲಾವಿದರು ಎಲ್ಲ ಕಾಲಕ್ಕೂ ಬೆರಳೆಣಿಕೆಯವರು. ಉಳಿದವರ ಜೀವನಾಧಾರ ಬೋಧನೆ. ಕಾಲೇಜು ಉಪನ್ಯಾಸಕರಾಗಲು ಬೇಕಾದ ಎನ್‌ಇಟಿ ಅಥವಾ ಕೆ-ಸೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಕಡ್ಡಾಯ. ಅದರ ಮೊದಲ ಮೆಟ್ಟಿಲು ಈ ಪದವಿ. ಅಂದಮೇಲೆ ಆಡಿಷನ್ ಕೋಣೆಯ ಬಾಗಿಲಲ್ಲಿ ತೀರ್ಮಾನವಾಗುತ್ತಿರುವುದು ಯಾರು ಹಾಡಬೇಕು ಎಂಬುದಕ್ಕಿಂತ ಹೆಚ್ಚಾಗಿ, ಸಂಗೀತವನ್ನು ನಂಬಿ ಸಂಬಳ ಪಡೆದು ಬದುಕುವ ಅವಕಾಶ ಯಾರಿಗೆ ಎಂಬುದು.

ಸಂಸ್ಥೆಗಳು ಹುಟ್ಟಿದ್ದೇಕೆ?

ಸಂಗೀತ ಶಾಲೆ ಕಾಲೇಜುಗಳು ನಮ್ಮಲ್ಲಿ ಹುಟ್ಟಿದ ಕಾರಣವನ್ನು ಈ ಹಂತದಲ್ಲಿ ನೆನೆಯುವುದು ಒಳಿತು. ಬರೋಡಾದಲ್ಲಿ 1886ರಲ್ಲಿ ಮೌಲಾ ಬಕ್ಷ್ ಅವರ ಶಾಲೆ ಆರಂಭವಾಯಿತು. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಭಾತಖಂಡೆಯವರ ಪ್ರಯತ್ನದಿಂದ 1926ರಲ್ಲಿ ಲಖನೌದ ಸಂಗೀತ ಕಾಲೇಜು ಬಂತು. ದರ್ಬಾರು ಮತ್ತು ಘರಾಣೆಗಳ ಒಳಗೆ, ಮಗನಿಗೆ ಇಲ್ಲವೇ ಅಳಿಯನಿಗೆ ಮಾತ್ರ ದಾಟುತ್ತಿದ್ದ ವಿದ್ಯೆಯನ್ನು ಹೊರಗಿನವರಿಗೆ ತೆರೆಯುವುದು ಇವುಗಳ ಘೋಷಿತ ಆಶಯವಾಗಿತ್ತು. ಆ ಪ್ರಯತ್ನದಲ್ಲಿ ಹಳೆಯ ಕಲಾವಿದ ಕುಟುಂಬಗಳು, ಅದರಲ್ಲೂ ಹಾಡುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಹೆಣ್ಣುಮಕ್ಕಳು ಬದಿಗೆ ಸರಿಸಲ್ಪಟ್ಟರು ಎಂಬ ವಿಮರ್ಶೆಯೂ ಇದೆ, ಅದು ಸುಳ್ಳಲ್ಲ. ಆದರೂ ಬಾಗಿಲು ತೆರೆಯುವುದೇ ಸಂಸ್ಥೆಯ ಧರ್ಮ ಎಂಬ ತತ್ವವನ್ನು ಅವು ಸ್ಥಾಪಿಸಿದವು.

ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಸ್ವತಃ ಗಂಗೂಬಾಯಿ ಹಾನಗಲ್ ಅವರ ಬದುಕು. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಅವರಿಗೆ ದೊರೆತ ಶಾಲಾ ಶಿಕ್ಷಣ ಪ್ರಾಥಮಿಕ ಮಟ್ಟದ್ದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಅವರೂ ಒಬ್ಬರು. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ತೊಂದರೆ, ಚಿಕಿತ್ಸೆಗಳ ತರುವಾಯ ಅವರ ದನಿ ಗಡುಸಾಯಿತು. ಹೆಣ್ಣುದನಿ ಎಂದರೆ ಹೀಗೇ ಇರಬೇಕು ಎಂದು ನಂಬಿದ ಯಾವ ಪರೀಕ್ಷಕನೂ ಆ ಕಂಠಕ್ಕೆ ಮೊದಲ ಸ್ಥಾನ ಕೊಡುತ್ತಿರಲಿಲ್ಲ. ಆದರೆ ಆ ಗಂಭೀರ ಕಂಠವೇ ಕಿರಾಣಾ ಘರಾಣೆಯ ಹೆಮ್ಮೆಯಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು. ಒಂದು ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಯಿತು.

ಪಿಯುಸಿ ಅಂಕಪಟ್ಟಿ ಕೇಳಬಾರದೆಂದು ಇದರ ಅರ್ಥವಲ್ಲ. ವಿಶ್ವವಿದ್ಯಾಲಯಕ್ಕೆ ಅದರದೇ ಕಟ್ಟುಪಾಡುಗಳಿವೆ. ಆದರೆ ಪ್ರತಿಭೆ ಯಾವ ರೂಪದಲ್ಲಿ, ಯಾವ ದನಿಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತದೆಂದು ಮೊದಲೇ ನಿರ್ಧರಿಸಿಕೊಂಡು ಕುಳಿತರೆ ಬಾಗಿಲಲ್ಲಿ ನಿಂತವರನ್ನು ಗುರುತಿಸುವುದು ಕಷ್ಟ.

ಹಾಗಾದರೆ ಆಡಿಷನ್ ಬೇಡವೇ?

ಬೇಕು. ಆಡಿಷನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸೀಟು ಭರ್ತಿಯಾಗದೆ ವಿಭಾಗವೇ ಮುಚ್ಚಬಹುದೆಂಬ ಭಯದಲ್ಲಿ ಅರ್ಜಿ ಹಾಕಿದವರನ್ನೆಲ್ಲ ಸೇರಿಸಿಕೊಂಡರೆ, ಶ್ರುತಿಯಲ್ಲಿ ನಿಲ್ಲಲಾಗದ ವಿದ್ಯಾರ್ಥಿ ಆರು ಸೆಮಿಸ್ಟರ್‌ಗಳ ಕೊನೆಯಲ್ಲೂ ಅಲ್ಲಿಯೇ ನಿಂತಿರುತ್ತಾನೆ. ಕೈಗೆ ಪದವಿ ಬರುತ್ತದೆ, ಕಂಠಕ್ಕೆ ಸಂಗೀತ ಬರುವುದಿಲ್ಲ. ಅಂಥವರು ಶಿಕ್ಷಕರಾದರೆ ಮುಂದಿನ ತಲೆಮಾರಿಗೂ ಅದೇ ದಾಟುತ್ತದೆ. ಮೂರು ವರ್ಷದ ಪದವಿ ಶೂನ್ಯದಿಂದ ಗಾಯಕರನ್ನು ನಿರ್ಮಿಸಲಾರದು ಎಂಬ ಅಧ್ಯಾಪಕರ ವಾದದಲ್ಲಿ ಹುರುಳಿದೆ.

ಲಿಖಿತ ಪರೀಕ್ಷೆಯೇ ನ್ಯಾಯವಾದುದು ಎಂಬ ಇನ್ನೊಂದು ವಾದವಿದೆ. ಅಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲ, ಯಂತ್ರವೇ ಅಂಕ ಕೊಡುತ್ತದೆ ಎಂಬುದು ಅದರ ತಿರುಳು. 72 ಮೇಳಕರ್ತ ರಾಗಗಳಲ್ಲಿ ಮಾಯಾಮಾಳವಗೌಳ ಎಷ್ಟನೆಯದು ಎಂದು ಬಹು ಆಯ್ಕೆಯ ಪ್ರಶ್ನೆ ಕೇಳಬಹುದು. 15 ಎಂದು ಗುರುತು ಹಾಕಿದವನಿಗೆ ಅಂಕವೂ ಸಿಗುತ್ತದೆ. ಆದರೆ ಅದೇ ರಾಗದ ಸರಳೆ ವರಸೆಯಲ್ಲಿ ಅವನ ರಿಷಭ ತನ್ನ ಜಾಗದಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಯಾವ ಉತ್ತರಪತ್ರಿಕೆಯೂ ಹೇಳಲಾರದು. ಲಿಖಿತ ಅಂಕವನ್ನೇ ಮೊದಲ ಜರಡಿಯಾಗಿ ಬಳಸಿದರೆ ನಮ್ಮ ಹಳ್ಳಿಯ ಹುಡುಗ ಹಾಡುವ ಮೊದಲೇ ಹೊರಗುಳಿಯುತ್ತಾನೆ. ಕೋಚಿಂಗ್ ಸಂಸ್ಕೃತಿ ಸಂಗೀತದ ಅಂಗಳಕ್ಕೂ ಕಾಲಿಡಲು ಇದಕ್ಕಿಂತ ಸುಲಭದ ದಾರಿ ಬೇರೆಯಿಲ್ಲ.

ಪಕ್ಷಪಾತದ ಆತಂಕ ಮಾತ್ರ ಆಧಾರರಹಿತವಲ್ಲ. ಸಂಗೀತದ ಲೋಕ ಚಿಕ್ಕದು. ಯಾರ ಶಿಷ್ಯರು ಯಾರೆಂಬುದು ಎಲ್ಲರಿಗೂ ಗೊತ್ತು. ‘ಯಾರ ಹತ್ತಿರ ಕಲಿತೆ?’ ಎಂಬ ಪ್ರಶ್ನೆ ಆಡಿಷನ್‌ಗಳಲ್ಲಿ ಸಹಜವೆಂಬಂತೆ ಬರುತ್ತದೆ. ಗುರುವಿನ ಹೆಸರು ದೊಡ್ಡದಾದರೆ ಅಭ್ಯರ್ಥಿಯ ತಪ್ಪು ಚಿಕ್ಕದಾಗಿ ಕೇಳಿಸುವುದು ಮನುಷ್ಯ ಸ್ವಭಾವ.

ಇದಕ್ಕೆ ಪರಿಹಾರವನ್ನು ಹೊರದೇಶದಿಂದ ತರಬೇಕಾಗಿಲ್ಲ. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಕಲಾವಿದರಿಗೆ ಧ್ವನಿ ಪರೀಕ್ಷೆ ಮತ್ತು ಶ್ರೇಣಿ ಪದ್ಧತಿ ತಂದಿತು. ಹಾಡುವವರು ಕಾಣದಂತೆ ಪರೀಕ್ಷಕರು ಬೇರೆಡೆ ಕುಳಿತು ದನಿಯನ್ನಷ್ಟೇ ಕೇಳುವುದು ಅದರ ಕ್ರಮವಾಗಿತ್ತು. ಹೆಸರಾಂತ ಕಲಾವಿದರನೇಕರು ಇದನ್ನು ಅವಮಾನವೆಂದು ಪ್ರತಿಭಟಿಸಿದ್ದೂ ಉಂಟು. ನುರಿತ ಕಲಾವಿದರನ್ನು ಹೀಗೆ ಪರೀಕ್ಷಿಸುವುದು ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ಹದಿನೆಂಟು ವರ್ಷದ ವಿದ್ಯಾರ್ಥಿಯ ಮಟ್ಟಿಗೆ ಆ ಪರದೆ ಅವಮಾನವಲ್ಲ, ರಕ್ಷಣೆ.

ಮಾಡಬಹುದಾದುದು

ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ದೊಡ್ಡ ಖರ್ಚಿಲ್ಲದೆ ಕೆಲವನ್ನು ಮುಂದಿನ ಪ್ರವೇಶದ ಹೊತ್ತಿಗೇ ಜಾರಿಗೆ ತರಬಹುದು. ಒಂದು, ಆಡಿಷನ್‌ನ ಪಠ್ಯ, ಅವಧಿ, ಅಂಕ ಹಂಚಿಕೆಯನ್ನು ಅರ್ಜಿಯ ಜೊತೆಯಲ್ಲೇ ಪ್ರಕಟಿಸುವುದು. ಎರಡು, ಸಿದ್ಧಪಡಿಸಿದ ಹಾಡಿನಷ್ಟೇ ಅಂಕಗಳನ್ನು ಕೇಳಿ ಮರಳಿ ಹಾಡುವ, ಲಯ ಹಿಡಿಯುವ, ಅಲ್ಲಿಯೇ ಕಲಿಸಿದ್ದನ್ನು ಕಲಿಯುವ ಭಾಗಕ್ಕೂ ಇಡುವುದು. ಮೂರು, ಅಭ್ಯರ್ಥಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟು, ಸಾಧ್ಯವಿದ್ದಲ್ಲಿ ಪರದೆಯ ಹಿಂದಿನಿಂದ ಹಾಡಿಸಿ, ಗುರುವಿನ ಹೆಸರು ಕೇಳುವುದನ್ನು ನಿಷೇಧಿಸುವುದು. ನಾಲ್ಕು, ಪ್ರತಿಯೊಂದು ಆಡಿಷನ್ನನ್ನೂ ಧ್ವನಿಮುದ್ರಿಸಿ, ಮೇಲ್ಮನವಿಯ ಅವಧಿ ಮುಗಿಯುವವರೆಗೆ ಕಾಪಾಡುವುದು. ಮೊಬೈಲ್ ಫೋನು ಎಲ್ಲರ ಕಿಸೆಯಲ್ಲಿರುವ ಕಾಲದಲ್ಲಿ ಇದು ಅಸಾಧ್ಯವೆನ್ನಲಾಗದು.

ಐದನೆಯದು ತುಸು ಕಷ್ಟದ್ದು, ಆದರೆ ಅತಿ ಮುಖ್ಯವಾದದ್ದು. ಕಿವಿ ಇದ್ದೂ ಪಾಠವಿಲ್ಲದವರಿಗೆ ಒಂದು ವರ್ಷದ ಪೂರ್ವಸಿದ್ಧತಾ ತರಗತಿ ಬೇಕು. 2021-22ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿಯತ್ತ ಹೊರಟಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಹಗ್ಗಜಗ್ಗಾಟದಲ್ಲಿ ವರ್ಷಗಳ ಲೆಕ್ಕವೇ ಮುಖ್ಯವಾಗಿ, ಸಂಗೀತದಂತಹ ವಿದ್ಯೆಗೆ ಆರಂಭದಲ್ಲಿ ಎಷ್ಟು ಕಾಲ ಬೇಕು ಎಂಬುದನ್ನು ಯಾರೂ ಕೇಳಲಿಲ್ಲ. ಸಂಗೀತಕ್ಕೆ ಹೆಚ್ಚುವರಿ ವರ್ಷ ಬೇಕಾಗಿರುವುದು ಪದವಿಯ ಕೊನೆಯಲ್ಲಲ್ಲ, ಮೊದಲಲ್ಲಿ. ಇವೆಲ್ಲಕ್ಕೂ ಮೂಲವಾಗಿ, ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಇಲ್ಲದಿರುವವರೆಗೆ ಆಡಿಷನ್ ಎಷ್ಟೇ ಪಾರದರ್ಶಕವಾದರೂ ಅದರ ಸರತಿಯಲ್ಲಿ ನಿಲ್ಲುವವರು ಅವರೇ ಆಗಿರುತ್ತಾರೆ.

ವ್ಯವಸ್ಥೆ ಬದಲಾಗುವವರೆಗೆ ಕಾಯಲಾಗದ ವಿದ್ಯಾರ್ಥಿಗಳಿಗೂ ಒಂದು ಮಾತು. ಅರ್ಜಿ ಹಾಕುವ ಮೊದಲು ಆ ಕಾಲೇಜಿನ ವಿದ್ಯಾರ್ಥಿಗಳ ಗಾಯನವನ್ನು ಕೇಳಿರಿ. ಅಲ್ಲಿ ಕಲಿಸುವವರು ಯಾರೆಂದು ವಿಚಾರಿಸಿರಿ. ಕಠಿಣ ಕೃತಿಯನ್ನು ಎಡವುತ್ತ ಹಾಡುವುದಕ್ಕಿಂತ ಸರಳವಾದುದನ್ನು ಶ್ರುತಿಶುದ್ಧವಾಗಿ ಹಾಡುವುದು ಲೇಸು. ಪರೀಕ್ಷಕರು ನಡುವೆ ನಿಲ್ಲಿಸಿದರೆ ಎದೆಗುಂದಬೇಡಿ. ಸಮಯದ ಅಭಾವದಿಂದಲೂ ನಿಲ್ಲಿಸುತ್ತಾರೆ, ಸಾಕಷ್ಟು ತಿಳಿಯಿತೆಂದೂ ನಿಲ್ಲಿಸುತ್ತಾರೆ. ಒಂದು ವರ್ಷ ಸೀಟು ಸಿಗದಿದ್ದರೆ ಕಂಠ ಕೆಟ್ಟಿತೆಂದು ಅರ್ಥವಲ್ಲ. 1933ರಲ್ಲಿ ಗದುಗಿನ ಮನೆ ಬಿಟ್ಟು ಗುರುವನ್ನು ಅರಸುತ್ತ ಉತ್ತರ ಭಾರತವನ್ನೆಲ್ಲ ಅಲೆದ ಬಾಲಕ ಭೀಮಸೇನ ಜೋಶಿಯವರಿಗೆ ಗುರು ದೊರೆತದ್ದು ಕೊನೆಗೆ ತವರಿನ ಸಮೀಪದ ಕುಂದಗೋಳದಲ್ಲಿ.

ಆದರೆ ಹಾಗೆ ಅಲೆಯುವ ಧೈರ್ಯ, ಅಲೆಯಲು ಬಿಡುವ ಮನೆ ಎಲ್ಲರಿಗೂ ಇರುವುದಿಲ್ಲ. ಹೆಣ್ಣುಮಕ್ಕಳಿಗಂತೂ ಇಲ್ಲವೆಂದೇ ಹೇಳಬೇಕು. ಅವರಿಗಾಗಿಯೇ ಸಾರ್ವಜನಿಕ ಹಣದಲ್ಲಿ ಸಂಗೀತ ಕಾಲೇಜುಗಳನ್ನು ಕಟ್ಟಿದ್ದೇವೆ. ಭಜನಾ ಮಂಡಳಿಯ ಆ ಹುಡುಗ ಹಾರ್ಮೋನಿಯಂ ಕೆಳಗಿಟ್ಟು ಆಡಿಷನ್ ಕೋಣೆಗೆ ಬಂದಾಗ ಅವನಿಗೆ ಬಾರದ ವರ್ಣವನ್ನಷ್ಟೇ ಕೇಳಿ ಕಳುಹಿಸುತ್ತೇವೆಯೇ, ಅಥವಾ ಎರಡು ಸಾಲು ಕಲಿಸಿ, ಅವನು ಅದನ್ನು ಹೇಗೆ ಮರಳಿ ಹಾಡುತ್ತಾನೆಂದು ಆಲಿಸುತ್ತೇವೆಯೇ? ಅದಕ್ಕೆ ತಗಲುವುದು ಇನ್ನೊಂದು ಐದು ನಿಮಿಷ. ಅಷ್ಟು ಸಮಯ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಲ್ಲವೇ?